ಡಾರ್ಕ್ ಸೈಡ್‌ಗೇ ಬಲ ಜಾಸ್ತಿನಾ? ಯೋಡಾ ಮಾತು ತೆರೆಯ ಮೇಲೆ ನಿಲ್ಲುತ್ತಾ?

ಬೆಳ್ಳಿಪರದೆ:
ಸ್ಟಾರ್ ವಾರ್ಸ್ ಸಿನಿಮಾಗಳ ಬಗ್ಗೆ ಮಾತು ಶುರುವಾದರೆ ಅದು ಕೊನೆಗೆ ಬಂದು ನಿಲ್ಲೋದು "ಯಾರು ಯಾರನ್ನ ಹೊಡೀತಾರೆ" ಅನ್ನೋದಕ್ಕೇ. ಖಳ ವೇಡರ್ ಎದುರು ಜೆಡೈ ಮೇಸ್ ವಿಂಡು, ಜೆಡೈ ಗುರು ಯೋಡಾ ಎದುರು ಸಿತ್ ಗುರು ಪಾಲ್ಪಟೀನ್, ನಾಯಕ ಲೂಕ್ ಎದುರು ಯಾರು ಬೇಕಾದರೂ. (ಫೋರ್ಸ್ ಅನ್ನೋ ಅಗೋಚರ ಶಕ್ತಿಯನ್ನ ಒಳ್ಳೇದಕ್ಕೆ ಬಳಸೋರು ಜೆಡೈ; ಸಿಟ್ಟು, ದ್ವೇಷದಿಂದ ಅದರ ಕರಾಳ ಮುಖವಾದ ಡಾರ್ಕ್ ಸೈಡ್ ಹಿಡಿದವರು ಸಿತ್.) ಆ ಪಟ್ಟಿಗಳಿಗಿಂತ ಅದರ ಬುಡದಲ್ಲಿರೋ ಪ್ರಶ್ನೆ ನನ್ನನ್ನ ಹೆಚ್ಚು ಕಾಡುತ್ತೆ. ಅದನ್ನ ಸಿನಿಮಾದ ಒಳಗೇ ಒಬ್ಬ ಕೇಳಿಬಿಟ್ಟಿದ್ದಾನೆ. 1980ರ ಸಿನಿಮಾದಲ್ಲಿ, ಡಾಗೋಬಾದ ಜೌಗಿನಲ್ಲಿ ಯೋಡಾನ ಬೆನ್ನಮೇಲೆ ಹೊತ್ತು ಓಡ್ತಾ ಲೂಕ್ ಕೇಳ್ತಾನೆ: ಡಾರ್ಕ್ ಸೈಡ್ ಹೆಚ್ಚು ಬಲಶಾಲಿಯಾ? ಯೋಡಾ ಇಲ್ಲ ಅಂತಾನೆ. ಬೇಗ ಸಿಗುತ್ತೆ, ಸುಲಭಕ್ಕೆ ಸಿಗುತ್ತೆ, ಆಸೆ ಹುಟ್ಟಿಸುತ್ತೆ, ಅಷ್ಟೇ ಅನ್ನೋ ಅರ್ಥದಲ್ಲಿ ಉತ್ತರ ಕೊಡ್ತಾನೆ.

ಈಗ ತೆರೆಯ ಮೇಲೆ ಏನಾಗುತ್ತೆ ನೋಡಿ. 1977ರಲ್ಲಿ ವೇಡರ್‌ನ ಬೆಳಕಿನ ಕತ್ತಿಗೆ ಜೆಡೈ ಓಬಿ-ವಾನ್ ಬಲಿ. 1980ರಲ್ಲಿ ವೇಡರ್ ತನ್ನ ಮಗ ಲೂಕ್‌ನ ಬಲಗೈಯನ್ನೇ ಕತ್ತರಿಸ್ತಾನೆ. 1999ರಲ್ಲಿ ಸಿತ್ ಡಾರ್ತ್ ಮಾಲ್, ಓಬಿ-ವಾನ್‌ನ ಗುರು ಕ್ವೈ-ಗಾನ್‌ನ ಕೊಲ್ತಾನೆ. 2002ರಲ್ಲಿ ಇನ್ನೊಬ್ಬ ಸಿತ್ ಡೂಕು, ಓಬಿ-ವಾನ್‌ನ ಕೆಡವಿ, ಮುಂದೆ ವೇಡರ್ ಆಗೋ ಆನಕಿನ್‌ನ ಕೈ ತೆಗೆದು, ಯೋಡಾ ಎದುರಿಂದಲೂ ತಪ್ಪಿಸಿಕೊಂಡು ಹೋಗ್ತಾನೆ. 2005ರದ್ದಂತೂ ಪೂರ್ತಿ ಪಾಲ್ಪಟೀನ್‌ನ ಗೆಲುವು. ಲೂಕ್ ವೇಡರ್‌ನ ಕೆಡವಿದ್ದು 1983ರ ಸಿನಿಮಾದಲ್ಲಿ, ಅದೂ ಸಿಟ್ಟು ನೆತ್ತಿಗೇರಿದಾಗ. ಅಂದರೆ ಡಾರ್ಕ್ ಸೈಡಿನ ದಾರಿ ಹಿಡಿದೇ.

ಹಾಗಾದರೆ ಯೋಡಾ ಶಿಷ್ಯನನ್ನ ಸಮಾಧಾನ ಮಾಡೋಕೆ ಹಾಗೆ ಹೇಳಿದನಾ? ನನ್ನ ಪ್ರಕಾರ ಅವನು ಹೇಳಿದ್ದು ನಿಜ, ಆದರೆ ಅದಕ್ಕೆ ಸಾಕ್ಷಿ ಕತ್ತಿವರಸೆಯಲ್ಲಿ ಸಿಗಲ್ಲ. ನಿಮ್ಮ ಅಭಿಪ್ರಾಯ ಬರೀರಿ.

ಕೆಂಪುಕತ್ತಿ:
ಗುರುಗಳೇ, ಇಷ್ಟೊಂದು ಸುತ್ತಬೇಕಾಗಿಲ್ಲ. ಪಾಲ್ಪಟೀನ್ ಎಲ್ಲರಿಗಿಂತ ಮೇಲೆ. ಮೇಸ್ ವಿಂಡು ಜೊತೆ ಅವನನ್ನ ಬಂಧಿಸೋಕೆ ಬಂದ ಮೂವರು ಜೆಡೈ ಮಾಸ್ಟರ್‌ಗಳನ್ನ ನೆನಪಿಸ್ಕೊಳ್ಳಿ: ಏಗನ್ ಕೋಲಾರ್, ಸೇಸೀ ಟೀನ್, ಕಿಟ್ ಫಿಸ್ಟೋ. ಮೂವರೂ ಕೌನ್ಸಿಲ್ ಮಟ್ಟದವರು. ಮೊದಲಿಬ್ಬರು ಕತ್ತಿ ಸರಿಯಾಗಿ ಎತ್ತೋ ಮೊದಲೇ ನೆಲಕ್ಕೆ ಬಿದ್ರು, ಮೂರನೆಯವನು ಅದಾಗಿ ಕೆಲವೇ ಕ್ಷಣಕ್ಕೆ. ಇದಾದ ಮೇಲೆ ಯೋಡಾ ಜೊತೆ ಸೆನೆಟ್‌ನಲ್ಲಿ ಕಾದಾಡಿದ, ಯೋಡಾನೇ ಜಾಗ ಖಾಲಿ ಮಾಡಿದ. ಆಮೇಲೆ ದೇಶಾಂತರ ಹೋದ. ತಾನು ಸೋತೆ ಅಂತ ಯೋಡಾ ತನ್ನ ಬಾಯಲ್ಲೇ ಹೇಳ್ತಾನೆ. ಇನ್ನೇನು ಸಾಕ್ಷಿ ಬೇಕು?

ಖಳನಾಯಕನಿಗೆ ಬಲ ಜಾಸ್ತಿ ಇರಲೇಬೇಕು. ಇಲ್ಲಾಂದ್ರೆ ನಾಯಕ ಗೆದ್ದದ್ದಕ್ಕೆ ಬೆಲೆ ಎಲ್ಲಿಂದ ಬರುತ್ತೆ?

ಸಂಪಿಗೆರಸ್ತೆ:
ಬಲ ಅಳೆಯೋದಾದರೆ ಈ ಕಥೆಯಲ್ಲಿ ಅಳತೆಗೋಲು ಒಂದಿದೆ, ಎಲ್ಲರೂ ಅದನ್ನ ಬೈತಾರೆ. ಮಿಡಿಕ್ಲೋರಿಯನ್, ಅಂದ್ರೆ ಜೀವಕೋಶದೊಳಗಿದ್ದು ಫೋರ್ಸ್ ಜೊತೆ ಬೆಸೆಯೋ ಸೂಕ್ಷ್ಮಜೀವಿ. 1999ರ ಸಿನಿಮಾದಲ್ಲಿ ಕ್ವೈ-ಗಾನ್ ಪುಟ್ಟ ಆನಕಿನ್‌ನ ರಕ್ತದ ಒಂದು ಹನಿ ತೆಗೆದು ಓಬಿ-ವಾನ್‌ಗೆ ಪರೀಕ್ಷೆಗೆ ಕಳಿಸ್ತಾನೆ. 20,000ಕ್ಕಿಂತ ಹೆಚ್ಚು ಬರುತ್ತೆ. ಯೋಡಾಗೂ ಅಷ್ಟಿಲ್ಲ ಅಂತ ಓಬಿ-ವಾನ್ ದಂಗಾಗ್ತಾನೆ.

ಆ ಸಂಖ್ಯೆಯೇ ಬಲ ಆಗಿದ್ದರೆ ಆನಕಿನ್ ಯಾರಿಗೂ ಸೋಲಬಾರದಿತ್ತು. ಆದರೆ ಡೂಕುಗೆ ಸೋತು ಬಲಗೈ ಕಳ್ಕೊಂಡ. ಮುಂದಿನ ಸಿನಿಮಾದ ಶುರುವಲ್ಲೇ ಅದೇ ಡೂಕುವಿನ ಎರಡೂ ಕೈ ಕತ್ತರಿಸಿದ. ಅದೇ ಸಿನಿಮಾದ ಕೊನೆಗೆ ಓಬಿ-ವಾನ್‌ಗೆ ಸೋತು ಎಡಗೈ, ಎರಡು ಕಾಲು ಹೋದವು. ಆ ಸಂಖ್ಯೆ ಮಾತ್ರ ಹುಟ್ಟಿದಾಗಿಂದ ಅಷ್ಟೇ. ಹಾಗಾದರೆ ಬದಲಾಗಿದ್ದೇನು? ಅವನ ಮನಸ್ಸು, ಅವನು ನಿಂತ ಜಾಗ, ಎದುರಿಗಿದ್ದವನು ಅವನನ್ನ ಎಷ್ಟು ಚೆನ್ನಾಗಿ ಬಲ್ಲ ಅನ್ನೋದು. ಓಬಿ-ವಾನ್ ಅವನಿಗೆ ಕಲಿಸಿದವನು. ಅವನು ಯಾವಾಗ ಹಾರ್ತಾನೆ ಅಂತ ಗೊತ್ತಿರೋದು ಅವನೊಬ್ಬನಿಗೇ.

ಕೃಷ್ಣಾತೀರ:
ಕೆಂಪುಕತ್ತಿ ಅಣ್ಣಾರ, ನೀವು ಮೂರು ಮಂದಿ ಸತ್ತದ್ದು ಹೇಳಿದ್ರಿ, ನಾಲ್ಕನೇದವನ ಸುದ್ದಿ ಯಾಕ ಬಿಟ್ರಿ? ಮೇಸ್ ವಿಂಡು ಅವನ ಕತ್ತಿ ಕೈಯಿಂದ ಹಾರಿಸಿ, ಒಡೆದ ಕಿಟಕಿ ಅಂಚಿಗೆ ತಂದು ಕುಂದ್ರಿಸ್ಯಾನ. ಅದು ಸೋಲಲ್ದ ಮತ್ತೇನ್ರಿ? ಆನಕಿನ್ ಬರದಿದ್ರ ಪಾಲ್ಪಟೀನ್ ಕಥಿ ಅಲ್ಲೇ ಮುಗೀತಿತ್ತು.

ಕೆಂಪುಕತ್ತಿ:
ಅದು ನಾಟಕ. ಆನಕಿನ್ ಬರ್ತಿದ್ದಾನೆ ಅಂತ ಅವನಿಗೆ ಗೊತ್ತಾಗಿತ್ತು. ಅಶಕ್ತ ಮುದುಕನ ಹಾಗೆ ಕಾಣಿಸ್ಕೊಂಡರೆ ಹುಡುಗ ಕರಗ್ತಾನೆ ಅಂತ ಬೇಕಂತಲೇ ಸೋತ.

ಕೃಷ್ಣಾತೀರ:
ನಾಟಕ ಎಲ್ಲಿಂದ ಶುರು ಆತು ಅನ್ನೂದು ನೋಡ್ರಲ್ಲ. ಕತ್ತಿ ಹೋದ ಮ್ಯಾಲೆ ಅವ ಮಿಂಚು ಬಿಡ್ತಾನ. ವಿಂಡು ತನ್ನ ಕತ್ತಿಲೆ ತಡದು ಅದನ್ನ ತಿರುಗಿ ಅವನ ಮುಖಕ್ಕ ಹೊಡೀತಾನ, ಮುಖ ಸುಟ್ಟು ಮುದುಡಿ ಹೋಗ್ತದ. ಆಮೇಲೆ "ನನ್ನ ಕೈಲಾಗೂದಿಲ್ಲ, ಶಕ್ತಿ ಇಲ್ಲ" ಅಂತಾನ. ನಾಟಕ ಅಂದ್ರ ಇದು. ಯಾಕಂದ್ರ ವಿಂಡು ಕೈ ತುಂಡಾದ ಕೂಡ್ಲೆ ಎಲ್ಲಿಲ್ಲದ ಮಿಂಚು ಬಂತಲ್ಲ ಅವನ ಬೆರಳಿಂದ. ಆದ್ರ ಕತ್ತಿ ಕೈ ಜಾರಿದ್ದು ನಾಟಕ ಅಲ್ರಿ. ಕೊರಳ ಹತ್ರ ಜೆಡೈ ಕತ್ತಿ ಇಟ್ಕೊಂಡು ಇನ್ನೊಬ್ಬನ ಮನಸ್ಸಿನ ಮ್ಯಾಲೆ ಜೂಜಾಡೂವಂಥ ಹುಂಬ ಅಲ್ಲ ಅವ. ಸೋತ, ಸೋತ ಮ್ಯಾಲೆ ಆ ಸೋಲನ್ನ ಉಪಯೋಗ ಮಾಡ್ಕೊಂಡ.

ಬೆಳ್ಳಿಪರದೆ:
ಈ ಓದು ನನಗೆ ಒಪ್ಪಿಗೆ. ಪಾಲ್ಪಟೀನ್‌ಗಿಂತ ಚೆನ್ನಾಗಿ ಕತ್ತಿ ಬೀಸೋರು ಇರಬಹುದು. ಬಿದ್ದ ಜಾಗದಿಂದಲೇ ಏನಾದರೂ ಎತ್ತಿಕೊಂಡು ಮೇಲೇಳೋದರಲ್ಲಿ ಅವನಿಗೆ ಸಾಟಿ ಇಲ್ಲ.

ಯೋಡಾ ಜೊತೆಗಿನ ಕಾದಾಟವನ್ನೂ ನಿಧಾನಕ್ಕೆ ನೋಡಿ. ಯೋಡಾ ಒಳಗೆ ಬಂದವನೇ ಇಬ್ಬರು ಕೆಂಪು ಕಾವಲುಗಾರರನ್ನ ಗೋಡೆಗೆ ಅಪ್ಪಳಿಸ್ತಾನೆ. ಮೊದಲ ಮಿಂಚಿಗೆ ತಾನೂ ಬೀಳ್ತಾನೆ. ಎದ್ದು ಪಾಲ್ಪಟೀನ್‌ನ ಕುರ್ಚಿಯ ಆಚೆಗೆ ಎಸೀತಾನೆ. ಹೋರಾಟ ಸೆನೆಟ್ ಸಭಾಂಗಣಕ್ಕೆ ಏರಿದಾಗ ಪಾಲ್ಪಟೀನ್ ಸದಸ್ಯರು ಕೂರೋ ಪಾಡ್‌ಗಳನ್ನೇ ಕಿತ್ತು ಕೆಳಗೆ ಎಸೀತಾನೆ, ಯೋಡಾ ಅದರಲ್ಲೊಂದನ್ನ ಗಾಳಿಯಲ್ಲೇ ತಿರುಗಿಸಿ ವಾಪಸ್ ಕಳಿಸ್ತಾನೆ. ಕೊನೆಯ ಮಿಂಚನ್ನ ಯೋಡಾ ಬರಿಗೈಯಲ್ಲಿ ಹಿಡಿದಾಗ ಸ್ಫೋಟ ಆಗಿ ಇಬ್ಬರೂ ಚೆಲ್ಲಾಪಿಲ್ಲಿ. ಪಾಲ್ಪಟೀನ್ ಅಂಚು ಹಿಡಿದು ನೇತಾಡ್ತಾನೆ. ಯೋಡಾ ಹಿಡಿದ ಅಂಚು ಜಾರುತ್ತೆ, ತಳಕ್ಕೆ ಬೀಳ್ತಾನೆ. ಬಲಾಬಲದಲ್ಲಿ ಸಮ ಅನ್ನಬಹುದು. ಆದರೆ ಆ ಕಟ್ಟಡ ಯಾರದ್ದು? ಹೊರಗಿರೋ ಸೈನಿಕರು ಯಾರ ಮಾತು ಕೇಳ್ತಾರೆ? ಕೆಳಗೆ ಬಿದ್ದ ಯೋಡಾನ ಹುಡುಕೋಕೆ ಒಂದು ಪಡೆಯೇ ಬರುತ್ತೆ, ಯೋಡಾ ಜೊತೆಗಿರೋದು ಸೆನೆಟರ್ ಬೇಲ್ ಆರ್ಗಾನಾ ಒಬ್ಬನೇ.

ಸಂಪಿಗೆರಸ್ತೆ:
ಸೆನೆಟ್‌ನ ಪಾಡ್‌ಗಳನ್ನೇ ಆಯುಧ ಮಾಡ್ಕೊಂಡಿದ್ದು ಬರೀ ನೋಟಕ್ಕೆ ಚೆನ್ನಾಗಿದೆ ಅಂತ ಇಟ್ಟಿದ್ದಲ್ಲ ಅನ್ಸುತ್ತೆ. ಮೂರು ಸಿನಿಮಾಗಳುದ್ದಕ್ಕೂ ಅವನು ಮಾಡಿದ್ದೇ ಅದು. 1999ರಲ್ಲಿ ಅವಿಶ್ವಾಸ ಗೊತ್ತುವಳಿ ಮಂಡಿಸೋ ಹಾಗೆ ರಾಣಿ ಅಮಿಡಾಲಾಳನ್ನ ಒಪ್ಪಿಸಿ ಗಣರಾಜ್ಯದ ಮುಖ್ಯಸ್ಥನಾಗಿದ್ದ ಹಳೇ ಚಾನ್ಸಲರ್‌ನ ಇಳಿಸ್ತಾನೆ. 2002ರಲ್ಲಿ ತುರ್ತು ಅಧಿಕಾರ ಕೊಡಿ ಅಂತ ಪ್ರತಿನಿಧಿ ಜಾರ್ ಜಾರ್ ಬಾಯಲ್ಲಿ ಹೇಳಿಸ್ತಾನೆ. 2005ರಲ್ಲಿ ಸಾಮ್ರಾಜ್ಯ ಘೋಷಣೆ ಆದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತೆ. ಜೆಡೈಗಳಲ್ಲಿ ಹೆಚ್ಚಿನವರು ಸತ್ತದ್ದು ಸಿತ್ ಕತ್ತಿಯಿಂದಲೂ ಅಲ್ಲ, ಮಿಂಚಿನಿಂದಲೂ ಅಲ್ಲ. ಆರ್ಡರ್ 66. ಒಂದು ಆದೇಶ, ಜೊತೆಗೇ ಹೋರಾಡಿದ ಕ್ಲೋನ್ ಸೈನಿಕರು ಬೆನ್ನ ಹಿಂದಿನಿಂದ ಗುಂಡು ಹಾರಿಸಿದರು. ಜೆಡೈ ಕಿ-ಆದಿ-ಮುಂಡಿ ಸೇತುವೆ ಮೇಲೆ ಮುಂದೆ ಓಡಿ ಹಿಂತಿರುಗಿ ನೋಡಿದರೆ ತನ್ನ ಪಡೆ ನಿಂತುಬಿಟ್ಟಿದೆ, ಬಂದೂಕು ತನ್ನ ಕಡೆಗೇ. ಅಂಥ ಹೊತ್ತಲ್ಲಿ ಮಿಡಿಕ್ಲೋರಿಯನ್ ಎಷ್ಟಿದ್ದರೇನು?

ವರಸೆಗಾರ:
ಒಂದು ಮಾತು ಸೇರಿಸ್ತೀನಿ. ನಾನು ಫೆನ್ಸಿಂಗ್ ಕಲಿತವನು, ಅದಕ್ಕೇ ಈ ಸಿನಿಮಾಗಳನ್ನ ಕತ್ತಿ ಹಿಡಿಯೋ ರೀತಿ ನೋಡಿಕೊಂಡೇ ನೋಡ್ತೀನಿ. ಬೇರೆ ಬೇರೆ ಕಾಲದ ಸಿನಿಮಾಗಳ ಕಾದಾಟಗಳನ್ನ ಪಕ್ಕಪಕ್ಕ ಇಟ್ಟು "ಇವನು ನಿಧಾನ, ಅವನು ವೇಗ, ಹಾಗಾಗಿ ಅವನೇ ಬಲಶಾಲಿ" ಅನ್ನೋದು ನ್ಯಾಯ ಅಲ್ಲ.

1977ರ ಕಾದಾಟ ಯಾಕೆ ನಿಧಾನ? ಓಬಿ-ವಾನ್ ಪಾತ್ರದ ಅಲೆಕ್ ಗಿನ್ನೆಸ್‌ಗೆ ಆಗ ಅರವತ್ತು ದಾಟಿತ್ತು. ವೇಡರ್ ವೇಷದ ಡೇವಿಡ್ ಪ್ರೌಸ್ ಆ ಮುಖವಾಡ, ಉಡುಪಿನೊಳಗೆ ಸರಿಯಾಗಿ ಕಾಣದೆ ಒದ್ದಾಡ್ತಿದ್ದರು. ಕೈಯಲ್ಲಿದ್ದದ್ದು ಬೆಳಕು ಪ್ರತಿಫಲಿಸೋ ವಸ್ತು ಹಚ್ಚಿದ ಕೋಲು, ಜೋರಾಗಿ ಬಡಿದರೆ ಮುರೀತಿತ್ತು. ಮುಂದಿನ ಎರಡು ಸಿನಿಮಾಗಳಲ್ಲಿ ವೇಡರ್ ಇದ್ದಕ್ಕಿದ್ದಂತೆ ಕತ್ತಿ ಬಲ್ಲವನ ಹಾಗೆ ಕಾಣ್ತಾನಲ್ಲ, ಅದಕ್ಕೆ ಕಾರಣ ಬಾಬ್ ಆಂಡರ್ಸನ್. 1952ರ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರವಾಗಿ ಕತ್ತಿ ಹಿಡಿದವರು. ವೇಡರ್ ವೇಷದಲ್ಲಿ ಕಾದಾಡಿದ್ದು ಅವರು ಅಂತ ಜನಕ್ಕೆ ಗೊತ್ತಾಗಿದ್ದು 1983ರಲ್ಲಿ ಲೂಕ್ ಪಾತ್ರದ ಮಾರ್ಕ್ ಹ್ಯಾಮಿಲ್ ಬಾಯಿಬಿಟ್ಟು ಹೇಳಿದ ಮೇಲೆ. ಒಂದೇ ವೇಡರ್‌ನ ಮೈಯಲ್ಲಿ ಒಬ್ಬರು, ಕತ್ತಿಯಲ್ಲಿ ಇನ್ನೊಬ್ಬರು, ದನಿಯಲ್ಲಿ ಜೇಮ್ಸ್ ಅರ್ಲ್ ಜೋನ್ಸ್. 1999ಕ್ಕೆ ಬಂದರೆ ಮಾಲ್ ಪಾತ್ರದ ರೇ ಪಾರ್ಕ್ ಸಮರಕಲೆಯಲ್ಲೇ ಬೆಳೆದವರು. ಮಾಲ್ ವೇಡರ್‌ಗಿಂತ ಬಲಶಾಲಿ ಅಂತ ಅದರಿಂದ ಸಾಬೀತಾಗಲ್ಲ.

ವೇಗ ಬಿಟ್ಟು ಅಂತರ ನೋಡಿ. ಯಾರು ಹೆಜ್ಜೆ ಹಿಂದಿಡ್ತಿದ್ದಾರೆ, ಯಾರು ಎದುರಾಳಿಗೆ ಜಾಗ ಕೊಡದೆ ಒತ್ತುತ್ತಿದ್ದಾರೆ. 1980ರ ಸಿನಿಮಾದಲ್ಲಿ, ಬೆಸ್ಪಿನ್ ಗ್ರಹದಲ್ಲಿ ವೇಡರ್ ಶುರುವಲ್ಲಿ ಒಂದೇ ಕೈಯಲ್ಲಿ ಕತ್ತಿ ಹಿಡಿದಿದ್ದಾನೆ. ಹುಡುಗನಿಗೆ ಎಷ್ಟು ಗೊತ್ತು ಅಂತ ಪರೀಕ್ಷೆ ಮಾಡ್ತಿದ್ದಾನೆ, ಹೆಪ್ಪುಗಟ್ಟಿಸೋ ಕಾರ್ಬನ್ ಗುಂಡಿಯ ಕಡೆಗೆ ಒಂದೊಂದೇ ಹೆಜ್ಜೆ ತಳ್ತಿದ್ದಾನೆ. ಲೂಕ್ ಗುಂಡಿಯಿಂದ ನೆಗೆದು ಹೊರಬಂದಾಗ ಅವನಿಗೆ ಮೆಚ್ಚುಗೆಯೂ ಆಗುತ್ತೆ. ಕೊನೆಗೆ ಆ ಸೇತುವೆ ಮೇಲೆ ಲೂಕ್‌ನ ಕತ್ತಿ ವೇಡರ್‌ನ ಭುಜಕ್ಕೆ ತಾಗುತ್ತೆ, ಕಿಡಿ ಹಾರುತ್ತೆ. ಅಲ್ಲಿಗೆ ಪರೀಕ್ಷೆ ಮುಗೀತು, ಮರುಕ್ಷಣ ಲೂಕ್‌ನ ಕೈ ಇಲ್ಲ. ಇಬ್ಬರ ನಡುವಿನ ನಿಜವಾದ ಅಂತರ ಆ ಒಂದು ಏಟಿನಲ್ಲಿ ಕಾಣುತ್ತೆ. ಅಷ್ಟು ಹೊತ್ತು ವೇಡರ್ ಅದನ್ನ ತೋರಿಸಿರಲಿಲ್ಲ.

ಹಗಲುನಕ್ಷತ್ರ:
ವರಸೆಗಾರ ಸರ್, ಅಂತರದ ಮಾತು ಬಂದಿದ್ದಕ್ಕೆ ಕೇಳ್ತೀನಿ. 2005ರ ಸಿನಿಮಾದ ಕೊನೆಗೆ ಮುಸ್ತಾಫರ್ ಗ್ರಹದಲ್ಲಿ ಎತ್ತರದಲ್ಲಿ ನಿಂತಿದ್ದಕ್ಕೇ ಓಬಿ-ವಾನ್ ಆನಕಿನ್ ಎದುರು ಗೆದ್ದ ಅಂತಾರೆ. ಹಾಗಿದ್ದರೆ 1999ರಲ್ಲಿ ಮಾಲ್ ಎತ್ತರದಲ್ಲಿದ್ದ, ಓಬಿ-ವಾನ್ ಬಾವಿಯಂಥ ಕಿಂಡಿಯಲ್ಲಿ ನೇತಾಡ್ತಿದ್ದ, ಕೈಯಲ್ಲಿ ಕತ್ತಿಯೂ ಇರಲಿಲ್ಲ. ಆದರೂ ಮಾಲ್‌ನ ಎರಡು ತುಂಡು ಮಾಡಿದ. ಎರಡೂ ಹೇಗೆ ಸರಿ ಆಗುತ್ತೆ?

ವರಸೆಗಾರ:
ಒಳ್ಳೇ ಪ್ರಶ್ನೆ. ಎರಡಕ್ಕೂ ಉತ್ತರ ಒಂದೇ: ಓಬಿ-ವಾನ್ ತಾನು ನಿಂತ ಜಾಗವನ್ನ ಇದ್ದ ಹಾಗೆ ನೋಡಿದ, ಎದುರಿಗಿದ್ದವನು ನೋಡಲಿಲ್ಲ. ಮಾಲ್ ಗೆದ್ದಾಯ್ತು ಅಂದ್ಕೊಂಡು ಕಿಂಡಿಯ ಅಂಚಿಗೆ ಕತ್ತಿ ಉಜ್ಜಿ ಕಿಡಿ ಹಾರಿಸ್ತಾ ಆಟ ಆಡ್ತಿದ್ದ. ಸತ್ತ ಕ್ವೈ-ಗಾನ್‌ನ ಕತ್ತಿ ಹಿಂದೆ ಬಿದ್ದಿರೋದು ಅವನ ಗಮನಕ್ಕೇ ಬರಲಿಲ್ಲ. ಅದಕ್ಕೂ ಸ್ವಲ್ಪ ಮುಂಚೆ ಅದೇ ಓಬಿ-ವಾನ್ ಗುರು ಸತ್ತ ಸಿಟ್ಟಲ್ಲಿ ನುಗ್ಗಿ ಮಾಲ್‌ನ ಕತ್ತಿಯನ್ನೇ ಅರ್ಧ ತುಂಡರಿಸಿದ್ದ, ಆ ಸಿಟ್ಟಲ್ಲೇ ತಾನೂ ಕಿಂಡಿಗೆ ಬಿದ್ದ. ನೇತಾಡುವಾಗ ಕಣ್ಣಲ್ಲಿ ಸಿಟ್ಟು ಇಳಿಯೋದು ಕಾಣುತ್ತೆ. ಆಮೇಲೇ ಹಾರಿದ್ದು.

ಬೆಳ್ಳಿಪರದೆ:
ಇದೇ ನಾನು ಹುಡುಕ್ತಿದ್ದ ಸಾಕ್ಷಿ. ಸಿಟ್ಟು ಅವನಿಗೆ ಬೇಗ ಬಲ ಕೊಟ್ಟಿತು, ಎದುರಾಳಿಯ ಆಯುಧ ಮುರಿಯೋವಷ್ಟು. ಬೇಗ ಸಿಗುತ್ತೆ ಅಂತ ಯೋಡಾ ಹೇಳಿದ್ದು ಇದನ್ನೇ. ಗೆಲ್ಲಿಸಿದ್ದು ಮಾತ್ರ ಅದಲ್ಲ.

ಕೆಂಪುಕತ್ತಿ:
ಹಾಗಾದರೆ ಲೂಕ್? 1983ರಲ್ಲಿ ಅವನನ್ನ ಗೆಲ್ಲಿಸಿದ್ದು ಸಿಟ್ಟೇ. ಮೆಟ್ಟಿಲ ಕೆಳಗೆ ಅಡಗಿ ಕೂತವನು, ತಂಗಿ ಲೇಯಾ ಸುದ್ದಿ ಎತ್ತಿದ ಕೂಡಲೇ ಕಿರುಚಿಕೊಂಡು ನುಗ್ತಾನೆ. ವೇಡರ್‌ಗೆ ಉಸಿರಾಡೋಕೂ ಬಿಡದ ಹಾಗೆ ಬಡಿದು ಕಂಬಿಗೆ ಒರಗಿಸಿ ಕೈ ತೆಗೀತಾನೆ. ಇದಕ್ಕೆ ಏನಂತೀರಿ? ಡಾರ್ಕ್ ಸೈಡ್ ಹಿಡಿದ ಗಳಿಗೆಯಲ್ಲೇ ಅವನು ಅಪ್ಪನಿಗಿಂತ ಮೇಲಾದ.

ಇನ್ನೊಂದು. ಬಲಕ್ಕೆ ಅಂಕಿ ಇಲ್ಲ ಅಂತೀರಿ, ಕಥೆ ಕಟ್ಟಿದ ಜಾರ್ಜ್ ಲೂಕಸ್ ಅವರೇ 2005ರ ಒಂದು ಸಂದರ್ಶನದಲ್ಲಿ ಅಂಕಿ ಕೊಟ್ಟಿದ್ದಾರೆ. ಕೈಕಾಲು ಕಳ್ಕೊಂಡು ಅರ್ಧ ಯಂತ್ರ ಆದ ಮೇಲೆ ವೇಡರ್ ಚಕ್ರವರ್ತಿ ಪಾಲ್ಪಟೀನ್‌ಗಿಂತ ಸುಮಾರು ಶೇ. 20ರಷ್ಟು ಕಡಿಮೆ ಅಂತ.

ಸಂಪಿಗೆರಸ್ತೆ:
ಆ ಮಾತನ್ನ ಪೂರ್ತಿ ಓದಬೇಕು. ಚಕ್ರವರ್ತಿಗೆ ಲೂಕ್ ಯಾಕೆ ಬೇಕು ಅನ್ನೋದನ್ನ ವಿವರಿಸೋವಾಗ ಲೂಕಸ್ ಹೇಳಿದ್ದದು. ತಾನು ಬಯಸಿದ ಮಹಾ ಬಲಶಾಲಿ ಶಿಷ್ಯ ಓಬಿ-ವಾನ್‌ನಿಂದಾಗಿ ಕೈತಪ್ಪಿದ, ಮಗನಲ್ಲಿ ಅದು ಮತ್ತೆ ಸಿಗಬಹುದು ಅನ್ನೋ ಆಸೆ ಪಾಲ್ಪಟೀನ್‌ಗೆ. ಅದು ಮಾಲೀಕ ತನ್ನ ಸೊತ್ತಿಗೆ ಕಟ್ಟೋ ಬೆಲೆ. ವೇಡರ್‌ನ ಅವನು ನೋಡೋದೇ ಹಾಗೆ. ಆ ಲೆಕ್ಕದಲ್ಲಿ ಶೇ. 20 ಕಡಿಮೆ ಇರೋನು ಕೊನೆಗೆ ಚಕ್ರವರ್ತಿಯನ್ನ ಎತ್ತಿ ಎಸೆದ ಅನ್ನೋದೂ ನೆನಪಿರಲಿ. ಒಂದೇ ಕೈಯಲ್ಲಿ, ಯಾಕಂದ್ರೆ ಬಲಗೈ ಆಗಲೇ ಹೋಗಿತ್ತು.

ಹಗಲುನಕ್ಷತ್ರ:
ಹೊಸ ಸಿನಿಮಾಗಳ ನಾಯಕಿ ರೇ ಮತ್ತು ಖಳ ಕೈಲೋ ರೆನ್ ಬಗ್ಗೆ ಯಾರೂ ಹೇಳ್ತಿಲ್ಲವಲ್ಲ. ನಮ್ಮ ಮನೆಯಲ್ಲಿ ಅಣ್ಣಂದಿರ ಜೊತೆ ದೊಡ್ಡ ಜಗಳವೇ ಆಗಿತ್ತು. ಕಲಿಯದೇ ಇರೋ ಹುಡುಗಿ ತರಬೇತಿ ಪಡೆದವನನ್ನ ಹೇಗೆ ಸೋಲಿಸಿದಳು, ಇದು ಮೋಸ ಅಂತ.

ವರಸೆಗಾರ:
ಮೋಸ ಇಲ್ಲಮ್ಮ. 2015ರ ಆ ಸಿನಿಮಾದಲ್ಲಿ ಕಾದಾಟಕ್ಕೆ ಸ್ವಲ್ಪ ಮುಂಚೆ ಚ್ಯೂಬಾಕಾ ಬೋಕ್ಯಾಸ್ಟರ್ ಅನ್ನೋ ಆಯುಧದಿಂದ ಕೈಲೋನ ಪಕ್ಕೆಗೆ ಹೊಡೀತಾನೆ. ಅದೇ ಆಯುಧ ಸಿನಿಮಾದುದ್ದಕ್ಕೂ ಸೈನಿಕರನ್ನ ಎತ್ತಿ ಹಾರಿಸೋದನ್ನ ತೋರಿಸಿರ್ತಾರೆ, ಏಟಿನ ತೂಕ ನಮಗೆ ಗೊತ್ತಿರಲಿ ಅಂತ. ಹಿಮದ ಮೇಲೆ ರಕ್ತ ತೊಟ್ಟಿಕ್ಕುತ್ತೆ, ನೋವನ್ನೇ ಬಲ ಮಾಡ್ಕೊಳ್ಳೋಕೆ ಗಾಯಕ್ಕೆ ತಾನೇ ಗುದ್ದಿಕೊಳ್ತಾನೆ. ಈಗಷ್ಟೇ ಹೆತ್ತ ಅಪ್ಪನನ್ನ ಕೊಂದು ಬಂದಿದ್ದಾನೆ, ಒಳಗೆಲ್ಲ ಅಲ್ಲಾಡಿ ಹೋಗಿದೆ. ರೇಳನ್ನ ಕೊಲ್ಲೋ ಬದಲು ತನ್ನ ಕಡೆ ಎಳಕೊಳ್ಳೋ ಆಸೆ ಬೇರೆ. ಕರ್ಣಾರ್ಜುನರ ಕಾಳಗ ಬಂದಾಗ ರಥಚಕ್ರ ಹೂತದ್ದನ್ನ ಹೇಳದೆ ನಾವು ಬಿಡ್ತೀವಾ? ಚ್ಯೂಬಾಕಾ ಹೊಡೆದ ಏಟನ್ನ ಮಾತ್ರ ಯಾಕೆ ಲೆಕ್ಕದಿಂದ ಬಿಡಬೇಕು?

ಕೃಷ್ಣಾತೀರ:
ಏಟಿನ ಮಾತು ಖರೆ ಅದ. ಆದ್ರ 2019ರಾಗ ಪಾಲ್ಪಟೀನ್‌ನ ತಿರುಗಿ ತಂದು, ಒಬ್ಬವನ ಕೈಯಿಂದ ಆಕಾಶದ ತುಂಬ ಹಡಗಿನ ಪಡೆಗೇ ಮಿಂಚು ಬಿಡಿಸ್ಯಾರಲ್ಲ, ಅಲ್ಲಿ ನನಗ ಬ್ಯಾಸರ ಬಂತು. ಬಲ ಹೆಚ್ಚು ಮಾಡಿದ್ರ ಖಳ ದೊಡ್ಡವ ಆಗೂದಿಲ್ರಿ. ಸೆನೆಟ್‌ನಾಗ ಮೆಲ್ಲಕ ಮಾತಾಡಿ ಗಣರಾಜ್ಯ ನುಂಗಿದ ಆ ಮುದುಕನ ಮುಂದ ಇದು ಏನೂ ಅಲ್ಲ. ಅಷ್ಟು ದೊಡ್ಡ ಮಿಂಚನ್ನ ರೇ ಎರಡು ಕತ್ತಿ ಅಡ್ಡ ಹಿಡದು ತಿರುಗಿಸಿ ಅವನ್ನ ಸುಟ್ಟಳು. ಅಂದ್ರ ಬಲಕ್ಕ ಬಲಾನ ಉತ್ತರ ಆತು. ಹಳೇ ಮೂರು ಸಿನಿಮಾ ಹಂಗ ಮುಗಿಸಿರಲಿಲ್ಲ.

ಕೆಂಪುಕತ್ತಿ:
ಇದನ್ನ ಒಪ್ತೀನಿ ಅಣ್ಣ. ಪಾಲ್ಪಟೀನ್ ನನಗೆ ಅಚ್ಚುಮೆಚ್ಚು, ಆದರೂ ಅವನನ್ನ ಹಾಗೆ ವಾಪಸ್ ತಂದಿದ್ದು ಮನಸ್ಸಿಗೆ ಹಿಡಿಸಲಿಲ್ಲ. ವೇಡರ್ ಪ್ರಾಣ ಕೊಟ್ಟು ಮಾಡಿದ ಕೆಲಸದ ಬೆಲೆಯೇ ಕಡಿಮೆ ಆಯ್ತು.

ಬೆಳ್ಳಿಪರದೆ:
ಫೋರ್ಸ್ ಇಲ್ಲದವರ ಬಲವನ್ನೂ ಇಲ್ಲಿ ತರಬೇಕು, ಇಲ್ಲದಿದ್ದರೆ ಲೆಕ್ಕ ಅರ್ಧವೇ. 1977ರ ಸಿನಿಮಾದ ಆ ಸಭೆ ನೆನಪಿಸಿಕೊಳ್ಳಿ. ದುಂಡು ಮೇಜು, ಸುತ್ತ ಸೇನಾಧಿಕಾರಿಗಳು. ಡೆತ್ ಸ್ಟಾರ್ ಇಡೀ ವಿಶ್ವದಲ್ಲೇ ದೊಡ್ಡ ಬಲ ಅಂತ ಅವರಲ್ಲೊಬ್ಬನಾದ ಮಾಟ್ಟಿ ಹೊಗಳ್ತಾನೆ. ಗ್ರಹ ಒಡೆಯೋ ಶಕ್ತಿ ಫೋರ್ಸ್ ಮುಂದೆ ಏನೂ ಅಲ್ಲ ಅಂತ ವೇಡರ್ ಅಂತಾನೆ. ಮಾಟ್ಟಿ ಹಂಗಿಸಿದಾಗ ದೂರದಿಂದಲೇ ಬೆರಳು ಮಡಿಚಿ ಅವನ ಕುತ್ತಿಗೆ ಹಿಸುಕ್ತಾನೆ. ಇಲ್ಲಿವರೆಗೆ ಎಲ್ಲರಿಗೂ ನೆನಪಿದೆ. ಆಮೇಲಿನದು? ಕುರ್ಚಿಯಲ್ಲಿ ಕೂತ ಹಿರಿಯ ಅಧಿಕಾರಿ ಟಾರ್ಕಿನ್ ದನಿ ಏರಿಸದೆ ಬಿಡು ಅಂತಾನೆ. ವೇಡರ್ ಬಿಡ್ತಾನೆ. ಟಾರ್ಕಿನ್‌ಗೆ ಫೋರ್ಸ್ ಇಲ್ಲ, ಕತ್ತಿ ಇಲ್ಲ, ವಯಸ್ಸಾದವನು. ಆ ಕೋಣೆಯಲ್ಲಿ ಯಾರ ಬಲ ದೊಡ್ಡದು?

ಖಳರ ಬಲದಲ್ಲಿ ನನಗೆ ಭಯ ಹುಟ್ಟಿಸೋದು ಇದು. 2022ರಲ್ಲಿ ಬಂದ ಆಂಡೋರ್ ಸರಣಿಯಲ್ಲಿ ಜೆಡೈಯೂ ಇಲ್ಲ, ಸಿತ್ ಕೂಡ ಇಲ್ಲ. ನಾರ್ಕೀನಾ 5 ಅನ್ನೋ ಜೈಲಲ್ಲಿ ಕೈದಿಗಳಿಗೆ ಕಾಲಿಗೆ ಚಪ್ಪಲಿ ಕೊಡಲ್ಲ, ನೆಲದಲ್ಲೇ ಕರೆಂಟ್ ಹರಿಸೋ ವ್ಯವಸ್ಥೆ. ಸಾವಿರಾರು ಜನರನ್ನ ಕಾಯೋಕೆ ಬೆರಳೆಣಿಕೆಯ ಕಾವಲುಗಾರರು. ನಮ್ಮ ಮಾತನ್ನ ಕದ್ದು ಕೇಳೋರು ಯಾರೂ ಇಲ್ಲ, ಕೇಳೋ ಅಗತ್ಯವೂ ಅವರಿಗಿಲ್ಲ ಅಂತ ಕೈದಿಯಾಗಿದ್ದ ನಾಯಕ ಕ್ಯಾಸಿಯನ್‌ಗೆ ಹೊಳೆದಾಗ ಮೈ ಜುಂ ಅನ್ನುತ್ತೆ. ಅವರು ಹಗಲೂ ರಾತ್ರಿ ಮಾಡ್ತಿದ್ದ ಬಿಡಿಭಾಗಗಳು ಯಾವುದಕ್ಕೆ ಅಂತ ಆ ಸೀಸನ್ ಕೊನೆಯಲ್ಲಿ ತೋರಿಸ್ತಾರೆ: ಡೆತ್ ಸ್ಟಾರ್‌ಗೆ. ಮಾಟ್ಟಿ ಹೊಗಳಿದ ಅದೇ ಆಯುಧಕ್ಕೆ.

ಸಂಪಿಗೆರಸ್ತೆ:
ಅದನ್ನ ಹೇಳಿದ ಮೇಲೆ ರೋಗ್ ವನ್ ಸಿನಿಮಾದ ಕೊನೆಯನ್ನೂ ಹೇಳಲೇಬೇಕು. 2016. ವೇಡರ್‌ನ ಬಲ ತೆರೆಯ ಮೇಲೆ ಅಷ್ಟು ಭಯಂಕರವಾಗಿ ಬೇರೆಲ್ಲೂ ಕಂಡಿಲ್ಲ. ಕತ್ತಲ ಓಣಿ, ಉಸಿರಾಟದ ಸದ್ದು, ಕೆಂಪು ಕತ್ತಿ ಹೊತ್ತಿಕೊಳ್ಳುತ್ತೆ. ಬಂಡಾಯಗಾರ ಸೈನಿಕರು ಒಬ್ಬೊಬ್ಬರಾಗಿ ಗೋಡೆಗೆ, ಚಾವಣಿಗೆ. ಆದರೆ ಆ ದೃಶ್ಯದಲ್ಲಿ ನನ್ನ ಕಣ್ಣು ಆ ಸೈನಿಕರ ಮೇಲೇ. ಬಾಗಿಲು ಸಿಕ್ಕಿಹಾಕ್ಕೊಂಡು ಒಂದು ಬಿರುಕಷ್ಟೇ ತೆರೆದಿದೆ. ಸಾಯೋದು ಖಚಿತ ಅಂತ ಗೊತ್ತಿರೋ ಒಬ್ಬ ಆ ಬಿರುಕಿನಿಂದ ಡೆತ್ ಸ್ಟಾರ್ ನಕ್ಷೆಯಿದ್ದ ಡಿಸ್ಕ್‌ನ ಆಚೆ ಕೈಗೆ ದಾಟಿಸ್ತಾನೆ. ಆಚೆಯವನು ಹಿಡ್ಕೊಂಡು ಓಡ್ತಾನೆ, ಹಡಗು ಬಿಟ್ಟುಹೋಗುತ್ತೆ. ವೇಡರ್ ಆ ಓಣಿಯಲ್ಲಿ ಎಲ್ಲರನ್ನೂ ಕೊಂದ, ಬೇಕಾಗಿದ್ದು ಸಿಗಲಿಲ್ಲ. ಆ ಸೈನಿಕರಿಗೆ ಹೆಸರೂ ಇಲ್ಲ. ಬಲಾಬಲದ ಪಟ್ಟಿ ಮಾಡೋರು ಅವರನ್ನ ಎಲ್ಲಿ ಸೇರಿಸ್ತಾರೆ?

ಕೆಂಪುಕತ್ತಿ:
ಮೇಡಂ, ದೃಶ್ಯ ಅದ್ಭುತ, ನಾನೂ ಒಪ್ತೀನಿ. ಆದರೆ ಬಲ ಬೇರೆ, ಫಲ ಬೇರೆ. ವೇಡರ್‌ಗೆ ಬೇಕಾಗಿದ್ದು ಸಿಗಲಿಲ್ಲ ಅಂದ ಮಾತ್ರಕ್ಕೆ ಅವನ ಬಲ ಕಡಿಮೆ ಆಗಲ್ಲ. ಓಟದಲ್ಲಿ ಎಡವಿದವನ ಕಾಲಿಗೆ ಶಕ್ತಿ ಇಲ್ಲ ಅಂತ ಹೇಳ್ತೀವಾ? ನಾನು ಕೇಳೋದು ಇಷ್ಟೇ: ಮುಖಾಮುಖಿ ನಿಂತರೆ, ಬೇರೆ ಯಾರೂ ಅಡ್ಡ ಬರದಿದ್ದರೆ, ಪಾಲ್ಪಟೀನ್‌ನ ಸೋಲಿಸೋರು ಯಾರಿದ್ದಾರೆ?

ಬೆಳ್ಳಿಪರದೆ:
ನೀವು ಕೇಳ್ತಿರೋ ಹಾಗೆ "ಬೇರೆ ಯಾರೂ ಅಡ್ಡ ಬರದ" ಕಾದಾಟ ಆ ಕಥೆಯಲ್ಲಿ ಒಂದಾದರೂ ಇದೆಯಾ ನೋಡಿ. ವಿಂಡು ಗೆಲ್ತಿದ್ದಾಗ ಆನಕಿನ್ ಬಂದ. ಯೋಡಾ ಕಾದಾಡಿದ್ದು ಶತ್ರುವಿನ ಮನೆಯೊಳಗೆ. 1983ರಲ್ಲಿ ಲೂಕ್‌ನ ಪಾಲ್ಪಟೀನ್ ಮುಗಿಸ್ತಿದ್ದಾಗ ಪಕ್ಕದಲ್ಲಿ ವೇಡರ್ ನಿಂತಿದ್ದ.

ಆ ಕೊನೆಯ ದೃಶ್ಯಕ್ಕೇ ಬರ್ತೀನಿ, ನೀವು ಎತ್ತಿದ ಪ್ರಶ್ನೆಗೆ ಉತ್ತರ ಇರೋದು ಅಲ್ಲೇ. ಲೂಕ್ ಸಿಟ್ಟಿನಿಂದ ಗೆದ್ದ, ನಿಜ. ಡಾರ್ಕ್ ಸೈಡ್ ಅವನಿಗೆ ಕೇಳಿದ ತಕ್ಷಣ ಬಲ ಕೊಟ್ಟಿತು. ಆದರೆ ಆ ಗೆಲುವು ಯಾರಿಗೆ ಸಿಕ್ಕಿತು? ಪಾಲ್ಪಟೀನ್ ನಗ್ತಾ ಮೆಟ್ಟಿಲಿಳಿದು ಬರ್ತಾನೆ. ಅಪ್ಪನನ್ನ ಕೊಂದು ಆ ಜಾಗಕ್ಕೆ ನೀನು ಬಾ ಅಂತಾನೆ. ಡೂಕುಗೂ ಇದೇ ಆಗಿತ್ತು: ಎರಡೂ ಕೈ ಹೋಗಿ ಮಂಡಿಯೂರಿದ ಡೂಕುವಿನ ಕುತ್ತಿಗೆ ಕತ್ತರಿಸು ಅಂತ ಇದೇ ಪಾಲ್ಪಟೀನ್ ಆನಕಿನ್‌ಗೆ ಹೇಳಿದ್ದ. ಆನಕಿನ್ ಕತ್ತರಿಸಿದ. ಸಿತ್ ಗುರುವಿಗೆ ಗೆದ್ದವನೂ ಬಳಕೆಯ ವಸ್ತು, ಸೋತವನೂ ಅಷ್ಟೇ. ಆ ಬಲ ಸಿಕ್ಕವನ ಕೈಯಲ್ಲಿ ಉಳಿಯಲ್ಲ, ಅದನ್ನ ಕೊಟ್ಟವನಿಗೇ ವಾಪಸ್ ಹೋಗುತ್ತೆ.

ಲೂಕ್ ಅಪ್ಪನ ತುಂಡಾದ ಕೈಯಲ್ಲಿ ತಂತಿಗಳನ್ನ ನೋಡ್ತಾನೆ. ಆಮೇಲೆ ಕಪ್ಪು ಕೈಗವಸು ಹಾಕಿದ ತನ್ನ ಕೈ ನೋಡ್ಕೋತಾನೆ. ಅದರೊಳಗೂ ತಂತಿಗಳೇ. ಕತ್ತಿ ಎಸೀತಾನೆ. ಆ ಕ್ಷಣಕ್ಕೆ ಅವನು ಕೋಣೆಯಲ್ಲಿ ಎಲ್ಲರಿಗಿಂತ ದುರ್ಬಲ. ಮಿಂಚಿಗೆ ಎದುರು ಒಡ್ಡೋಕೆ ಏನೂ ಇಲ್ಲ.

ಹಗಲುನಕ್ಷತ್ರ:
ಆದರೆ ಸರ್, ಅಷ್ಟೊತ್ತಿಗೆ ಲೂಕ್ ಕಡೆಯ ಹಾನ್, ಲೇಯಾ, ಅಲ್ಲಿನ ಇವಾಕ್‌ಗಳೆಲ್ಲ ಸೇರಿ ಎಂಡೋರ್‌ನಲ್ಲಿ ಎರಡನೇ ಡೆತ್ ಸ್ಟಾರ್‌ನ ಕಾಯೋ ಶೀಲ್ಡ್ ಒಡೆದಿದ್ದರು. ಲ್ಯಾಂಡೋ, ವೆಜ್ ಡೆತ್ ಸ್ಟಾರ್ ಒಳಗೇ ನುಗ್ತಿದ್ದರು. ಲೂಕ್ ಕತ್ತಿ ಎಸೆದರೂ, ಎಸೆಯದಿದ್ದರೂ ಪಾಲ್ಪಟೀನ್ ಅದರ ಜೊತೆಗೇ ಸ್ಫೋಟ ಆಗ್ತಿದ್ದನಲ್ಲ? ಹಾಗಾದರೆ ಸಿಂಹಾಸನದ ಕೋಣೆಯಲ್ಲಿ ನಡೆದದ್ದರಿಂದ ಯುದ್ಧಕ್ಕೆ ಆದ ಲಾಭ ಏನು?

ಬೆಳ್ಳಿಪರದೆ:
ಯುದ್ಧ ಬಹುಶಃ ಹೇಗೂ ಗೆಲ್ತಿತ್ತು. ಲೂಕ್ ಅಲ್ಲಿಗೆ ಹೋಗಿದ್ದು ಯುದ್ಧಕ್ಕಲ್ಲ, ಅಪ್ಪನಿಗೆ. ಅವನೇ ಶರಣಾಗಿ, ಕೈಗೆ ಬೇಡಿ ಹಾಕಿಸ್ಕೊಂಡು ಹೋದದ್ದು ಅದಕ್ಕೇ. ಓಬಿ-ವಾನ್, ಯೋಡಾ ಇಬ್ಬರೂ ವೇಡರ್‌ನ ಎದುರಿಸಲೇಬೇಕು ಅಂದಿದ್ದರು, ಅವನೊಳಗೆ ಇನ್ನೂ ಒಳ್ಳೇದಿದೆ ಅಂತ ನಂಬಿದವನು ಲೂಕ್ ಒಬ್ಬ. ಯಾವ ಗುರುವಿನ ಬಲಕ್ಕೂ ಆಗದ್ದು ಅದರಿಂದ ಆಯ್ತು. ಪಾಲ್ಪಟೀನ್ ಎಲ್ಲ ಲೆಕ್ಕ ಹಾಕಿದ್ದ: ಬಲೆ, ನೌಕಾಪಡೆ, ಲೂಕ್‌ನ ಸಿಟ್ಟು. ತನ್ನ ಮಗ ಸಾಯೋದನ್ನ ಒಬ್ಬ ಅಪ್ಪ ನಿಂತು ನೋಡಲಾರ ಅನ್ನೋದನ್ನ ಮಾತ್ರ ಹಾಕಿರಲಿಲ್ಲ.

ವರಸೆಗಾರ:
ಕತ್ತಿಯವನಾಗಿ ನನ್ನದೊಂದು ಮಾತು. ಆ ಗಳಿಗೆಯಲ್ಲಿ ಪಾಲ್ಪಟೀನ್‌ನ ಎರಡೂ ಕೈ ಲೂಕ್ ಮೇಲಿತ್ತು, ಬೆನ್ನು ವೇಡರ್ ಕಡೆಗಿತ್ತು. ತನ್ನ ಶಿಷ್ಯನಿಗೆ ಬೆನ್ನು ತೋರಿಸಿ ನಿಲ್ಲೋವಷ್ಟು ಖಾತ್ರಿ ಅವನಿಗೆ. ಕೆಂಪುಕತ್ತಿಯವರೇ, ನಿಮ್ಮ ಪ್ರಶ್ನೆಗೆ ಇದೇ ಉತ್ತರ ಅಂತ ನಾನು ಹೇಳ್ತೀನಿ. ಅವನನ್ನ ಸೋಲಿಸೋಕೆ ಅವನಿಗಿಂತ ಬಲಶಾಲಿ ಬೇಕಾಗಿರಲಿಲ್ಲ.

ಕೆಂಪುಕತ್ತಿ:
ಚೆನ್ನಾಗಿ ಹೇಳಿದ್ರಿ ಸರ್. ಆದರೂ ಒಬ್ಬರ ಎದುರು ಒಬ್ಬರು ಅಂದರೆ ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಪಾಲ್ಪಟೀನೇ, ಎರಡನೇದು ಯೋಡಾ. ಮೂರನೇ ಜಾಗಕ್ಕೆ ಮೇಸ್ ವಿಂಡುನ ಹಾಕಬೇಕಾ, ಮುಸ್ತಾಫರ್‌ಗೆ ಹೋಗೋ ಮೊದಲಿನ ಆನಕಿನ್‌ನ ಹಾಕಬೇಕಾ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ಕೃಷ್ಣಾತೀರ ಅಣ್ಣ ವಿಂಡು ಕಡೆ ಅಂತ ಗೊತ್ತು, ಉಳಿದವರು ಹೇಳಿ.

ಕೃಷ್ಣಾತೀರ:
ವಿಂಡುನ ಹಾಕ್ರಿ. ಮತ್ತ ಯೋಡಾಗಿಂತ ಒಂದು ಮೆಟ್ಟಲ ಮ್ಯಾಲ ಹಾಕ್ರಿ. ಪಾಲ್ಪಟೀನ್ ಕೈಯಿಂದ ಕತ್ತಿ ಬೀಳಿಸಿದಾವ ಅವನೊಬ್ಬನ.